ಎರಡು ಕಣ

ಪೈಪು ಹೂಳಲೆಂದು ಪಾಲಿಕೆಯವರು
ಬಾಗಿಲ ಮುಂದಿನ ಸಿಮೆಂಟು ಒಡೆದು ಹೋದರು.
ಮತ್ತೆ ಮೆತ್ತಲು ಮೇಸ್ತ್ರಿ ಸಾವಿರದಿನ್ನೂರು ಕೇಳಿದ.
ಹಾಗೇ ಇರಲಿ ಬಿಡು ಎಂದೆ.
ಅಂಗಡಿಯ ಟೇಪು ತಂದು ಅಳೆದೆ:
ಉದ್ದ ಎಪ್ಪತ್ತು ಇಂಚು, ಅಗಲ ಮೂವತ್ತೈದು.
ಎರಡು ರವಿಕೆ ಕಣದಷ್ಟು ನೆಲ ನಿಟ್ಟುವಳ್ಳಿಯಲ್ಲಿ,
ಗುಂಡುಪಿನ್ನಿನ ಹೊರತು
ಏನನ್ನೂ ನೆಟ್ಟು ಗೊತ್ತಿರದವಳ ಪಾಲಿಗೆ.

ಹದಡಿ ರಸ್ತೆಯ ನರ್ಸರಿಯಲ್ಲಿ ಕೊಟ್ರಬಸಪ್ಪ
ಮೊದಲು ತೋರಿಸಿದ್ದು ಗುಲಾಬಿ.
ಎಲ್ಲ ಅಂಗಡಿಯವರೂ ಮೊದಲು ತೋರಿಸುವುದು
ಗಿರಾಕಿಗೆ ಒಗ್ಗದ್ದನ್ನೇ. ನಾನೂ ಅಷ್ಟೆ.
‘ನೀರು ಯಾವುದ್ರೀ ಮನೇಲಿ?’
ಬೋರಿಂದು. ಇಸ್ತ್ರಿಗೆ ಚಿಮುಕಿಸಿದರೆ
ಕರಿ ಬಟ್ಟೆಯ ಮೇಲೆ ಬಿಳಿ ಉಂಗುರ ಬಿಡುವಂಥದ್ದು.
‘ಹಂಗಾರೆ ಬ್ಯಾಡ್ರಿ. ಎಲೆ ಅಂಚು ಸುಡ್ತೈತಿ,
ನೀವು ನನ್ನ ಬೈತೀರಿ.’
ಕ್ರೋಟನ್ ಹಿಡಿದು ನೋಡಿದೆ. ಹಳದಿ, ಕೆಂಪು, ಹಸಿರು,
ಚೆಂದವೇ; ಆದರೆ ರೆಡಿಮೇಡ್ ಅಂಗಿಯ ಹಾಗೆ
ನನ್ನಿಂದ ಏನೂ ಕೇಳುವುದಿಲ್ಲ ಅದು.
ಬಿಸಿಲು ಎಷ್ಟು ಹೊತ್ತು ಎಂದ.
ಹನ್ನೊಂದರವರೆಗೆ ಎದುರು ಮನೆಯ ಟ್ಯಾಂಕಿನ ನೆರಳು,
ಆಮೇಲೆ ಗೋಡೆಯೇ ಇಸ್ತ್ರಿಪೆಟ್ಟಿಗೆ.
ತಲೆ ಕೆರೆದುಕೊಂಡು ಕೊಟ್ಟ:
ಒಂದು ಕಾಕಡ, ಒಂದು ಕರಿಬೇವು,
ಬಸಳೆಯ ನಾಲ್ಕು ಕಡ್ಡಿ ಪುಕ್ಕಟೆ.
ಕನಕಾಂಬರ ನಾನೇ ಬೇಕೆಂದೆ. ಯಾಕೆಂದು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ, ಆ ಬಣ್ಣದ ದಾರವನ್ನು
ಯಾವ ಕಂಪನಿಯೂ ಸರಿಯಾಗಿ ಮಾಡುವುದಿಲ್ಲ ಎಂದು.

ಗುಂಡಿಯಲ್ಲಿದ್ದದ್ದು ಎರೆಮಣ್ಣು:
ನೀರು ಬಿದ್ದರೆ ಅಂಟು, ಒಣಗಿದರೆ ಬಿರುಕು.
ಸಡಿಲವಾಗಲಿ ಎಂದು ಖೈರುಂಬಿ
ಮಂಡಕ್ಕಿ ಭಟ್ಟಿಯಿಂದ ತಂದಳು
ಒಂದು ಚೀಲ ಹೊಟ್ಟಿನ ಬೂದಿ,
ಮಗಳ ಚೂಡಿದಾರದ ಹೊಲಿಗೆಗೆ ವಜಾ.

‘ಒಳಗೆ ಒಂದಿಂಚು ಬಿಡಕ್ಕ, ಹುಡುಗಿ ಬೆಳೀತಾಳೆ’
ಎನ್ನುವ ತಾಯಂದಿರನ್ನು ಮೂವತ್ತು ವರ್ಷ ಕೇಳಿಯೂ
ಗಿಡಗಳನ್ನು ಅಳತೆಗೆ ಅಂಟಿಸಿಯೇ ನೆಟ್ಟೆ.
ಮೂರೇ ವಾರಕ್ಕೆ ಬಸಳೆ
ಕರಿಬೇವಿನ ಕೊರಳಿಗೆ ಬಿತ್ತು.
ಬಿಚ್ಚಿದೆ. ಬಿಚ್ಚುವುದು ನನಗೆ ಬರುವ ಕೆಲಸ,
ಕತ್ತರಿ ಹಾಕದೆ, ಒಂದೊಂದೇ ಸುತ್ತು.
ಬಸಳೆಯನ್ನು ಕಿಟಕಿಯ ಸರಳಿಗೆ ಹತ್ತಿಸಿದೆ.
ಕಾಕಡ ಅಕ್ಕಿ ತೊಳೆದ ನೀರಿಗೂ ಒಲಿಯದೆ
ಮುನಿಸಿಕೊಂಡೇ ಇತ್ತು.
ಕನಕಾಂಬರ ಸತ್ತಿತು. ಮತ್ತೆ ತಂದೆ. ಅದೂ ಸತ್ತಿತು.

ಅದರ ಜಾಗದಲ್ಲಿ, ಶ್ರಾವಣ ಕಳೆಯುವ ಹೊತ್ತಿಗೆ,
ಹುಲ್ಲೊಂದು. ಕೀಳಲು ಹಿಡಿದೆ.
ಖೈರುಂಬಿ ಬೀದಿಯಿಂದಲೇ ಕೂಗಿದಳು:
‘ಅಯ್ಯ, ಅದು ಭತ್ತ ಕಣೇ!’
ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕಾಳಿರಬೇಕು,
ನೆನೆಯದೆ, ಹುರಿಯದೆ, ಮರಳಿನಲ್ಲಿ ಅರಳದೆ
ಬೂದಿಯ ಜೊತೆ ಬಂದದ್ದು.
‘ನಮ್ಮ ಭಟ್ಟಿಯಿಂದ ಹಸಿಯಾಗಿ ಹೊರಬಂದದ್ದು
ಇದೊಂದೇ ನೋಡು’ ಎಂದು ನಕ್ಕಳು.
ಇಪ್ಪತ್ತೆರಡು ವರ್ಷದ ಹೊಗೆ
ಅವಳ ನಗುವಿನ ಹಿಂದೆಯೇ ಕೆಮ್ಮಿತು.

ಭದ್ರಾ ಕಾಲುವೆ ನಮ್ಮ ಓಣಿಗೆ ಬರುವುದಿಲ್ಲ.
ಪಾತ್ರೆ ತೊಳೆದ ಕೊನೆಯ ನೀರು ಕುಡಿದೇ
ಅದು ತೆನೆ ಬಿಟ್ಟಿತು, ಬಾಗಿತು,
ಅಳತೆ ಕೊಡಲು ಬಂದವರ ಸೆರಗಿಗೆ ತಗಲುವಷ್ಟು.
ದೀಪಾವಳಿ ಕಳೆದ ಮೇಲೆ, ಯಾರೋ ಒಯ್ಯದೆ ಬಿಟ್ಟ
ಹಸಿರು ರವಿಕೆ ಕಣವೊಂದನ್ನು ಕಟ್ಟೆಯ ಮೇಲೆ ಹಾಸಿ
ಅಂಗೈಯಲ್ಲಿ ಉಜ್ಜಿ ಒಕ್ಕಿದೆವು, ಉಫ್ ಎಂದು ತೂರಿದೆವು.
ಜಳ್ಳು ಕಳೆದು ನೂರಾ ಹನ್ನೆರಡು ಕಾಳು.
ಎರಡು ಸಲ ಲೆಕ್ಕ ತಪ್ಪಿತು.

‘ಹುರೀತೀಯೇನೇ?’ ಎಂದೆ.
ಖೈರುಂಬಿ ಸೆರಗಿನ ತುದಿಗೆ ಕಾಳು ಗಂಟು ಹಾಕಿಕೊಂಡು
ಏನೂ ಹೇಳದೆ ಪಾಳಿಗೆ ಹೋದಳು.

ಕಾಕಡ ಈ ವಾರ ಒಂದು ಮೊಗ್ಗು ತೋರಿಸಿದೆ.
ನಾನಿನ್ನೂ ನಂಬಿಲ್ಲ.