ನಡವಳಿ ಪುಸ್ತಕದಲ್ಲಿ ಇಲ್ಲದ್ದು

ಕೈಲ್ ಪೊಳ್ದ್ ಕಳೆದ ಮರು ಭಾನುವಾರ
ಚೇರಂಬಾಣೆಯ ಜೇನು ಸಂಘದ ಮಹಾಸಭೆ.
ಕೋರಂ ಆಗುವಾಗ ಹನ್ನೊಂದೂವರೆ,
ಅದೂ ಮಳೆ ನಿಂತದ್ದಕ್ಕೆ.
ಗುಮಾಸ್ತ ನಾನು. ಮೂಲೆಯ ಮೇಜು,
ಗೆರೆ ಎಳೆದ ಪುಸ್ತಕ, ಇಂಕು ಒಸರುವ ಪೆನ್ನು.

ವಿಷಯ ಮೂರು: ಅಧ್ಯಕ್ಷರನ್ನು ಆರಿಸುವ ಬಗೆ.

ಈಗಿನ ಬೈಲಾದಲ್ಲಿ ನಾವು ಕಳಿಸುವುದು ಹನ್ನೊಂದು ಮಂದಿಯನ್ನು,
ಆರು ಯಾರ ಕಡೆಗೋ ಅವರಿಗೆ ಕುರ್ಚಿ.
ಆರು ಐದಾದ ದಿನ ಕುರ್ಚಿ ಖಾಲಿ.
ಹದಿನಾಲ್ಕು ತಿಂಗಳಲ್ಲಿ ಮೂವರು ಬಂದು ಹೋದರು;
ನಡುವಿನವರು ಹತ್ತೊಂಬತ್ತು ದಿನ,
ಅವರ ಹೆಸರಿನ ರಬ್ಬರ್ ಸ್ಟಾಂಪು ಮಡಿಕೇರಿಯಿಂದ ಬಂದಾಗ
ಅವರಿರಲಿಲ್ಲ.

ಉತ್ತಯ್ಯ ಎದ್ದರು:
"ಮುನ್ನೂರ ನಲವತ್ತು ಸದಸ್ಯರೂ ನೇರ ಓಟು ಹಾಕಲಿ.
ಗೆದ್ದವನಿಗೆ ಐದು ವರ್ಷ. ಯಾರೂ ಮುಟ್ಟಬಾರದು.
ಅರ್ಧ ಘಾಟಿಯಲ್ಲಿ ಡ್ರೈವರನ್ನು ಬದಲಿಸುತ್ತಾರೆಯೇ?"

ಹೊನ್ನಮ್ಮ ಕೂತಲ್ಲಿಂದಲೇ:
"ಡ್ರೈವರ್ ತೂಕಡಿಸಿದರೆ?
ಐದು ವರ್ಷ ನಾನು ಕಂಬಿ ಹಿಡಿದು ಕೂರಬೇಕಾ?"
ನಗು. ನಗುವನ್ನು ಬರೆಯುವ ಕಾಲಂ ಇಲ್ಲ.

ಮೊಯ್ದು, ಲೆಕ್ಕದ ಮನುಷ್ಯ, ನಿಧಾನಕ್ಕೆ ಕೇಳಿದ:
"ಅವನಿಗೂ ನಮ್ಮ ಓಟು, ಹನ್ನೊಂದು ಮಂದಿಗೂ ನಮ್ಮದೇ ಓಟು.
ಜಗಳವಾದರೆ ಡಬ್ಬ ಕೊಳ್ಳುವ ಚೆಕ್ಕಿಗೆ ಸಹಿ ಯಾರದು?
ಜನ ಕಳಿಸಿದ್ದು ನನ್ನನ್ನು ಎಂದು ಇವನು,
ನಮ್ಮನ್ನು ಎಂದು ಅವರು.
ಎರಡೂ ನಿಜ. ಗೋದಾಮಿನ ಬೀಗ ಮಾತ್ರ ಒಂದೇ,
ಒಳಗೆ ಹಸಿ ಜೇನು ಹುಳಿಯಾಗುತ್ತ."

ಯಾರೋ ಹಳೆಯದನ್ನು ಕೆದಕಿದರು:
ಮಡಿಕೇರಿಯ ಕೊನೆಯ ರಾಜನನ್ನು ಇಳಿಸಲು
ನಿರ್ಣಯವೆಲ್ಲಿತ್ತು, ಕುಂಪಣಿಯ ದಂಡೇ ಬರಬೇಕಾಯಿತು;
ಬಂದ ದಂಡನ್ನು ಇಳಿಸಲು ಮತ್ತೆ ನೂರು ವರ್ಷ.
ಇನ್ನೊಬ್ಬರಿಗೆ ನೆನಪಾಯಿತು ಕೊಡಗಿಗೇ ಇದ್ದ ಶಾಸನಸಭೆ:
ಇಪ್ಪತ್ತನಾಲ್ಕು ಮಂದಿ, ಇಬ್ಬರು ಮಂತ್ರಿಗಳು,
ಮೇಲೆ ದೆಹಲಿ ಕಳಿಸಿದ ಒಬ್ಬ ಕಮಿಷನರು.
"ಅದು ಯಾವ ಪದ್ಧತಿ?" ಕೇಳಿದಳು
ಅಪ್ಪನ ಜೊತೆ ಬಂದ ಪಿಯುಸಿ ಹುಡುಗಿ.
ಯಾರಿಗೂ ಹೊಳೆಯಲಿಲ್ಲ.
"ಸಣ್ಣ ಪದ್ಧತಿ" ಎಂದರು ಉತ್ತಯ್ಯ.

ಎಂದವರೇ ತಮ್ಮ ಉಳಿದ ಬಾಣ ತೆಗೆದರು:
"ಜೇನು ಸಂಘ ನಮ್ಮದು. ಪೆಟ್ಟಿಗೆ ತೆಗೆದು ನೋಡಿ.
ಒಬ್ಬಳೇ ರಾಣಿ. ಅದಕ್ಕೇ ಅಲ್ಲಿ ಜೇನು."

ಬಾಗಿಲ ಹೊರಗೆ, ತೂಕಕ್ಕೆ ಡಬ್ಬ ತಂದು ನಿಂತಿದ್ದ
ಕುಡಿಯರ ಚೋಮುಣಿ ಕೆಮ್ಮಿದ:
"ರಾಣಿ ಆಳುವುದಿಲ್ಲ ಸ್ವಾಮೀ. ಮೊಟ್ಟೆ ಇಡುತ್ತಾಳೆ, ಅಷ್ಟೆ.
ಮೊಟ್ಟೆ ಕಮ್ಮಿಯಾದರೆ ಎರಿಯ ಮೈಮೇಲೆ
ಕಡಲೆಕಾಯಿಯಂಥ ಗೂಡೊಂದು ಇಳಿಬೀಳುತ್ತದೆ, ಹೊಸಬಳಿಗೆ.
ಗಲಾಟೆ ಇಲ್ಲ.
ಆದರೆ ದಿನಾ ಮುಚ್ಚಳ ತೆಗೆದು
ಸರಿ ಇದ್ದಾಳಾ, ಸರಿ ಇದ್ದಾಳಾ ಎಂದು ಇಣುಕಿದರೆ
ಇಡೀ ಕುಟುಂಬ ಎದ್ದು ಹೋಗುತ್ತದೆ.
ಖಾಲಿ ಪೆಟ್ಟಿಗೆ ನಿಮಗೇ."

ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು.
ಆಮೇಲೆ ಕಾಫಿ ಬಂತು, ಹಿಂದಿನ ಸಾಲು ಕರಗಿತು,
ಕೋರಂ ಇಲ್ಲವೆಂದು ವಿಷಯ ಮೂರು ಮುಂದಿನ ವರ್ಷಕ್ಕೆ.

ಸೂಚಕರು: ಉತ್ತಯ್ಯ. ಅನುಮೋದಕರು: ಇಲ್ಲ.
ಚೋಮುಣಿಯ ಮಾತು ಬರೆಯಹೋದೆ;
ಮೊಯ್ದು ಬಗ್ಗಿ ಕಿವಿಯಲ್ಲಿ ಹೇಳಿದ, ಅವನು ಷೇರುದಾರನಲ್ಲ.
ಹೌದು. ಇಪ್ಪತ್ತೆರಡು ವರ್ಷದಿಂದ ಜೇನು ತರುತ್ತಾನೆ,
ಪಟ್ಟಿಯಲ್ಲಿ ಹೆಸರಿಲ್ಲ.
ನೇರವೋ ಬಳಸಿಯೋ, ಅವನಿಗೆ ಯಾವ ಓಟೂ ಇಲ್ಲ.

ಪೆನ್ನು ಅಲ್ಲೇ ಒಂದು ಚುಕ್ಕೆ ಒಸರಿತು.
ಆ ಪುಟ ಹಾಗೇ ಇದೆ.