ಬಾನೆಟ್ಟು ತೆರೆದ ಬೆಟ್ಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು.
ಮನೆ ಓಡಿಸಿ ನೋಡು ಎಂದು
ಯಾರೂ ಹೇಳಿರಲಿಲ್ಲ ನಮಗೆ.

ಎಲ್ಡ್ರೆಡ್‌ನ ಚಿಕ್ಕಪ್ಪನ ಮಗ ಲೀಯಾಂಡರ್ ತೀರಿಕೊಂಡಾಗ
ಅವನ ಹೆಂಡತಿ ಅಗ್ಗಕ್ಕೆ ಕೊಟ್ಟ ಮೋಟಾರು ಮನೆ:
ಇಪ್ಪತ್ನಾಲ್ಕು ಅಡಿ, ಎರಡು ಒಲೆ, ಒಂದು ಕಕ್ಕಸು,
ಕಪಾಟಿನಲ್ಲಿ ಇನ್ನೂ ಅವನ ಹಲ್ಲುಜ್ಜುವ ಬ್ರಷ್ಷು.
ಎಸೆಯಲು ಕೈ ಬರಲಿಲ್ಲ. ಅದೂ ಬಂತು ಜೊತೆಗೆ.

ನಮ್ಮ ಪೋರ್ಟ್ ಒ ಬಾಸ್ಕ್‌ನಿಂದ
ಗ್ರೋಸ್ ಮೋರ್ನ್ ರಾಷ್ಟ್ರೀಯ ಉದ್ಯಾನಕ್ಕೆ
ಐದು ಗಂಟೆಯ ದಾರಿ.
ನಲವತ್ತು ವರ್ಷದಿಂದ
ಮುಂದಿನ ಬೇಸಿಗೆಗೆ ಹೋಗುತ್ತಿದ್ದೆವು.

ಓಡಿಸುವವಳು ನಾನು.
ಶಾಲೆಯ ಬಸ್ಸು ಓಡಿಸಿ ಪಳಗಿದ ಕೈ;
ಬೆನ್ನ ಹಿಂದೆ ಗದ್ದಲವಿಲ್ಲದಿದ್ದರೆ ಎದೆ ಹಾರುತ್ತದೆ.
ಅವನಿಗೆ ಒಂದು ಕಣ್ಣು ಹೋಗಿದೆ, ಲೈಸೆನ್ಸೂ.
ಪಕ್ಕದಲ್ಲಿ ಕೂತು ಒಂದೇ ಕಣ್ಣಿನಿಂದ
ಎರಡು ಕಣ್ಣಿನಷ್ಟು ತಪ್ಪು ಹುಡುಕುತ್ತಾನೆ.

ರೆಕ್‌ಹೌಸ್ ಬಳಿ ಗಾಳಿ.
ಹಿಂದೆ ರೈಲನ್ನೇ ಹಳಿಯಿಂದ ಕೆಡವಿದ ಗಾಳಿ,
ನಮ್ಮ ತಗಡಿನ ಗೋಡೆ ಯಾವ ಲೆಕ್ಕ?
ಹೆದ್ದಾರಿ ಮುಚ್ಚಿದರು.
ಲಾರಿಗಳ ಸಾಲಿನಲ್ಲಿ ಹನ್ನೊಂದು ಗಂಟೆ,
ಅಡುಗೆಮನೆಯ ದೀಪ ಆರಿಸಿದೆನೇ ಎಂದು
ಮನೆಗೆ ಹೋಗಿ ನೋಡಿ ಬರಬಹುದಾದಷ್ಟೇ ದೂರದಲ್ಲಿ.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳಬೇಡ ಅಂದೆ.
ಇಳಿದೇ ಬಿಟ್ಟ, ಬಿಸಿಲುಪರದೆಯ ಹಗ್ಗ ಬಿಗಿಯಲು.
ಪರದೆ ಹೋಯಿತು. ಟೋಪಿಯೂ.
ಒಳಗೆ ಫ್ರಿಜ್ಜಿನ ಬಾಗಿಲು ತಾನಾಗಿ ತೆರೆದು
ಜಾಮಿನ ಜಾಡಿ ಒಡೆದು ಮೆಟ್ಟಿಲ ತನಕ ಕೆಂಪು.
ಹಿಂದಿನ ಲಾರಿಯವನು ಕೊಲೆಯೆಂದು ಓಡಿಬಂದ,
ಬೆರಳು ಅದ್ದಿ ನೆಕ್ಕಿ
ಹುಳಿ ಸರಿಯಿದೆ ಎಂದು ಹೋದ.

ಡೀರ್ ಲೇಕ್‌ಗೆ ಇನ್ನೂ ಮೂರು ಮೈಲಿಯಿರುವಾಗ
ಬಾನೆಟ್ಟಿನಿಂದ ಹೊಗೆ. ನೀರಿನ ಪಂಪು.
ಗ್ಯಾರೇಜಿನ ಹುಡುಗ ಬೆನ್ವಾ ತಲೆ ಕೆರೆದುಕೊಂಡ:
ಪಂಪು ಹ್ಯಾಲಿಫ್ಯಾಕ್ಸ್‌ನಿಂದ ಬರಬೇಕು, ಹಡಗಿನಲ್ಲಿ.
ಯಾವ ಹಡಗು?
ಎಲ್ಡ್ರೆಡ್ ಮೂವತ್ತೆರಡು ವರ್ಷ
ಹೊಟ್ಟೆಯೊಳಗೆ ಕೂತು ಎಂಜಿನ್ನು ಕಾಯ್ದ ಹಡಗು.
ಅದೂ ಗಾಳಿಗೆ ಹೆದರಿ ಆಚೆ ದಡದಲ್ಲಿ ನಿಂತಿತ್ತು.
ಹೊರಟ ಮೇಲೆ ಆಗ ನಕ್ಕ, ಮೊದಲ ಸಲ,
ಕೆಮ್ಮು ಬರುವಷ್ಟು.

ಮೂರು ರಾತ್ರಿ ಗ್ಯಾರೇಜಿನ ಅಂಗಳದಲ್ಲಿ,
ಹಳೆ ಟೈರುಗಳೇ ನಮ್ಮ ಗುಡ್ಡ ಬೆಟ್ಟ.
ಶನಿವಾರ ಬೆನ್ವಾನ ಅಜ್ಜಿ ತಂದಳು
ಉಪ್ಪು ಮಾಂಸ ಹಾಕಿದ ಬಟಾಣಿ ಸಾರು.
ಪಾತ್ರೆ ಬರಿದಾಗಿ ಹಿಂತಿರುಗಿಸುವುದು ಹೇಗೆ?
ಜಾಮೂ ಇಲ್ಲ.
ಎಲ್ಡ್ರೆಡ್ ಅವಳ ಹೊಲಿಗೆ ಯಂತ್ರ ಬಿಚ್ಚಿ ಕೂತ.
ಹಲ್ಲುಹಲ್ಲಿನ ಸಂದಿ ತಿಕ್ಕಲು
ಸತ್ತವನ ಬ್ರಷ್ಷೇ ಬೇಕಾಯಿತು.

ಉದ್ಯಾನ ತಲುಪಿದಾಗ ಉಳಿದದ್ದು ಅರ್ಧ ದಿನ.
ದೋಣಿಗೆ ಕಟ್ಟಿದ ದುಡ್ಡು ನೀರಿಗೆ.
ದಾರಿಯಲ್ಲಿ ಒಂದು ಮೂಸ್ ಅಡ್ಡ ಬಂದು
ನಮ್ಮ ಮನೆಯನ್ನು ಉದ್ದಕ್ಕೂ ಮೂಸಿ,
ಇಷ್ಟವಾಗದೆ,
ಬಲಗಡೆಯ ಕನ್ನಡಿ ಕೊಂಬಿನಲ್ಲಿ ಕಿತ್ತು ಹೋಯಿತು.
ಮೇಲೆ ಮಂಜು.

ಮರವಿಲ್ಲದ, ಹುಲ್ಲಿಲ್ಲದ, ತುಕ್ಕು ಬಣ್ಣದ ಬೆಟ್ಟ.
ಭೂಮಿಯ ಒಡಲಿನ ಕಲ್ಲಿದು,
ಯಾವ ಕಾಲದಲ್ಲೋ ಮೇಲೆದ್ದು ಬಂತು
ಎಂದಳು ಕಾವಲಿನ ಹುಡುಗಿ.
ಎಲ್ಡ್ರೆಡ್ ಮಂಡಿಯೂರಿ
ಬಿಸಿಯಿದೆಯೇ ಎಂದು ನೋಡುವವನ ಹಾಗೆ
ಅಂಗೈಯಿಟ್ಟ.
'ಬಾನೆಟ್ಟು ತೆರೆದಿಟ್ಟು ಹೋಗಿದ್ದಾರೆ' ಅಂದ.
'ಪಂಪಿಗೆ ಕಾಯುತ್ತಿರಬೇಕು.'

ಇಪ್ಪತ್ತು ನಿಮಿಷ. ಮಂಜು ಅದನ್ನೂ ಮುಚ್ಚಿತು.

ಗಾಡಿ ಹಿಂದಕ್ಕೆ ತೆಗೆಯಬೇಕು, ಪಕ್ಕದಲ್ಲಿ ಚರಂಡಿ.
ಅವನು ಇಳಿದು ಹಿಂದೆ ನಿಂತ.
ಉಳಿದ ಒಂದು ಕನ್ನಡಿಯಲ್ಲಿ
ಬಿಳಿಯೊಳಗೆ ಬರೀ ಎರಡು ಕೈ:
ಬಾ, ವೆರ್ನಾ, ಬಾ,
ಇನ್ನೂ ಬಾ,
ಸಾಕು.