ಜೇಬಿನ ಹಕ್ಕಿಗೆ ಕಾಲು

ಕೌಲ್ ಬಜಾರಿನ ಸಂದಿ, ತಗಡಿನ ಸೂರು,
ಕರೆಂಟು ಬಂದರೆ ಹನ್ನೆರಡು ಸೂಜಿ ಒಟ್ಟಿಗೇ ಎಚ್ಚರ.
ಈ ಸಲದ ಆರ್ಡರು: ಆರುನೂರು ಜೀನ್ಸು,
ಬಲಗಡೆ ಹಿಂಜೇಬಿಗೆ ಒಂದೊಂದು ಹಕ್ಕಿ.

ಎಂಥಾ ಹಕ್ಕಿ!
ನಿಂಬೆಹಳದಿ ತಲೆ, ಗಂಟಲಿಗೆ ಹಸಿರು ಮಕಮಲ್ಲು,
ಪಕ್ಕೆಯಿಂದ ಚಿಮ್ಮಿದ ಗರಿ
ಒಗೆದು ಕೊಡವಿದ ಮದುವೆ ಸೀರೆಯ ಸೆರಗು.
ಏಳು ದಾರ, ಒಂಬತ್ತು ಸಾವಿರ ಹೊಲಿಗೆ.
ಕಾಲು ಮಾತ್ರ ಇಲ್ಲ.

ಎರ್ರಿಸ್ವಾಮಿಯನ್ನು ಕೇಳಿದೆ. ದಾರದ ಲೆಕ್ಕದವನು:
“ಕಾಲಿಗೆ ಇನ್ನೂರು ಹೊಲಿಗೆ ಜಾಸ್ತಿ ಬೀಳ್ತಾವಕ್ಕಾ.
ಕುಂಡಿ ಮ್ಯಾಲೆ ಕೂಡೋ ಹಕ್ಕಿಗೆ ಕಾಲು ಯಾಕ?”
ಎಲ್ಲರೂ ನಕ್ಕರು. ನಾನೂ ನಕ್ಕೆ.

ಡಬ್ಬಿ ತಂದ ತಂಗಿಯ ಮಗ ಗಾದಿಲಿಂಗ
ಜೇಬು ನೋಡಿದ್ದೇ ಹೆಸರು ಹೇಳಿದ: ಸ್ವರ್ಗದ ಹಕ್ಕಿ.
ಸಮುದ್ರದಾಚೆ ದ್ವೀಪದ ಕಾಡಂತೆ,
ಗಂಡಿಗಷ್ಟೇ ಈ ಸಿಂಗಾರವಂತೆ,
ಮಣ್ಣುಬಣ್ಣದ ಹೆಣ್ಣಿನೆದುರು ಬಾಗಿ, ಜೋತು ಕುಣಿಯುತ್ತದಂತೆ,
ಹಿಡಿಸದಿದ್ದರೆ ಅವಳು ಹಾರಿಹೋಗುತ್ತಾಳಂತೆ.
(ಪಕ್ಕದ ಶಮೀಮಾ ಮಷೀನು ನಿಲ್ಲಿಸಿ ಕೇಳಿದಳು.)
ಹಿಂದೆ ಹಿಡಿದವರು ಕಾಲು ಕೊಯ್ದು ತೊಗಲು ಮಾರಿದರಂತೆ;
ಕೊಂಡ ದೂರದವರು ನಂಬಿಬಿಟ್ಟರಂತೆ
ಇದು ಇಳಿಯುವ ಜಾತಿಯೇ ಅಲ್ಲ,
ಇಬ್ಬನಿ ಕುಡಿದು, ಗಾಳಿಯಲ್ಲೇ ಮಲಗಿ,
ಸತ್ತಾಗಷ್ಟೇ ನೆಲಕ್ಕೆ.

“ಇದಕ್ಕ ನಂಟರು ಯಾರಪಾ?”
ಅವನು ಮುಚ್ಚಳ ನೆಕ್ಕುತ್ತ ಕಿಟಕಿಗೆ ಬೆರಳು ಮಾಡಿದ.

ಕಾಗೆ.
ವಾಷಿಂಗಿನ ನೀಲಿ ನೀರು ಹರಿವ ಚರಂಡಿಯ ದಂಡೆಗೆ
ಬೆನ್ನ ಮೇಲೆ ಗಣಿಯ ಕೆಂಪು ಧೂಳು ಹೊತ್ತು
ರೊಟ್ಟಿ ಚೂರನ್ನು ಒಂದೇ ಕಣ್ಣಲ್ಲಿ ತೂಗುತ್ತ.
ದೊಡ್ಡಪ್ಪನ ಮಕ್ಕಳ ಹಾಗಂತೆ, ಎಂದೋ ಪಾಲಾದವರು.
ಒಬ್ಬರ ಪಾಲಿಗೆ ಗರಿ ಹೋಯಿತು,
ಒಬ್ಬರ ಪಾಲಿಗೆ ಊರು ಉಳಿಯಿತು.

ಸಂಜೆ ಕೊನೆಯ ಜೇಬು.
ಕಂಪ್ಯೂಟರು ಬಿಟ್ಟು ಹಳೇ ಮಷೀನಿಗೆ ಕೂತೆ.
ಉಳಿದ ಕರಿದಾರ; ಅದು ನಿಂತದ್ದನ್ನು ನೆನೆನೆನೆದು
ಮುಂದೆ ಮೂರು ಬೆರಳು, ಹಿಂದೆ ಒಂದು,
ಗಂಟುಗಂಟಾದ, ಚರಂಡಿ ಬಲ್ಲ ಕಾಲು.

ಐನೂರ ತೊಂಬತ್ತೊಂಬತ್ತು ಪಾಸು.
ಒಂದು ರಿಜೆಕ್ಟು.
ಎರ್ರಿಸ್ವಾಮಿ ಕೂಲಿಯಲ್ಲಿ ಮುರಿದುಕೊಂಡು
ಪ್ಯಾಂಟು ನನ್ನ ಮೇಲೇ ಎಸೆದ.

ಗಾದಿಲಿಂಗನಿಗೆ ಗೇಣುದ್ದ ಜಾಸ್ತಿ. ಮಡಚಿ ಹಾಕಿಕೊಂಡಿದ್ದಾನೆ.
ಅವನು ಸೈಕಲ್ಲು ಹತ್ತುವಾಗ ನೋಡಬೇಕು:
ಹಕ್ಕಿ ಮೊದಲು ಸೀಟಿಗೆ ಕಾಲೂರುತ್ತದೆ,
ಆಮೇಲೆ ಹುಡುಗ.